ಕರಿಯ ಯಾಕೆ ಆರಡಿ ಬೆಳೆಯಲಿಲ್ಲ

ಹಂಚಿನ ಮೇಲೆ ಕೈಯಿಟ್ಟು ಹೇಳುತ್ತೇನೆ, ಇದು ನಡೆದದ್ದೇ. ಅದೂ ತಣ್ಣಗಿನ ಹಂಚಲ್ಲ, ಈಗಷ್ಟೇ ಹದಿನೇಳನೇ ರೊಟ್ಟಿ ಇಳಿಸಿದ ಹಂಚು. ಅಮೇರಿಕಾಕ್ಕೆ ಬಂದು ಗಿಲ್‌ರಾಯ್‌ನಿಂದ ಸಾಂಟಾ ಕ್ಲಾರಾವರೆಗೆ ಮನೆಮನೆಗೆ ಜೋಳದ ರೊಟ್ಟಿ ಮುಟ್ಟಿಸುವ ಈ ಬಸವಂತಪ್ಪನ ಕಥೆಗಳಲ್ಲಿ ಉಪ್ಪು ಒಂದು ಹಿಡಿ ಜಾಸ್ತಿ ಎಂದು ನಿಮಗೆಲ್ಲ ಗೊತ್ತು. ಫ್ರೀವೇಯಲ್ಲಿ ಹದ್ದೊಂದು ನನ್ನ ವ್ಯಾನನ್ನು ಹನ್ನೆರಡು ಮೈಲಿ ಅಟ್ಟಿಸಿಕೊಂಡು ಬಂದದ್ದು, ಗಿಲ್‌ರಾಯ್ ಬೆಳ್ಳುಳ್ಳಿಯ ಘಾಟಿಗೆ ನನ್ನ ಬೋಳು ತಲೆಯಲ್ಲಿ ಕೂದಲು ಚಿಗುರಿದ್ದು, ಅವೆಲ್ಲ ಬೇರೆ. ಅವನ್ನು ನಂಬದಿದ್ದರೆ ರೊಟ್ಟಿಯ ರುಚಿ ಕೆಡುವುದಿಲ್ಲ. ಈ ಕಥೆಗೆ ಮಾತ್ರ ಉಪ್ಪು ಹಾಕಿಲ್ಲ. ಇದರಲ್ಲಿ ಒಂದು ಜೀವ ಹೋಗಿದೆ. ಇನ್ನೊಂದು ಜೀವ ಎಲ್ಲಿದೆಯೋ ಗೊತ್ತಿಲ್ಲ. ಅದಕ್ಕೇ ಈ ವಾರ ರೊಟ್ಟಿ ಕಟ್ಟಿನೊಳಗೆ ಈ ಕಾಗದ ಮಡಚಿ ಇಟ್ಟಿದ್ದೇನೆ. ಎಣ್ಣೆ ಕಲೆ ಆಗಿದ್ದರೂ ಓದಿ.

ಗಿಲ್‌ರಾಯ್‌ನಲ್ಲಿ ವಿಕಾಸ್, ಊರ್ಮಿಳಾ ಎಂಬ ಗಂಡ ಹೆಂಡತಿ ಇದ್ದಾರೆ. ಮನೆ ಇಲ್ಲಿ, ಆಫೀಸು ಸಾಂಟಾ ಕ್ಲಾರಾದಲ್ಲಿ. ಬೆಳಿಗ್ಗೆ ಫ್ರೀವೇ ಹತ್ತಿದರೆ ಮನೆಗೆ ಬರುವುದು ಸಂಜೆಗೇ. ಅವರ ಮಗಳು ಮಾನ್ಯಾಗೆ ಹನ್ನೊಂದು ವರ್ಷ. ಆ ಮಗು ಒಂದು ಪ್ರಾಣಿ ಬೇಕೇ ಬೇಕು ಎಂದು ಹಟ ಹಿಡಿಯಿತು.

"ನಾಯಿ ತಂದ್ರೆ ಎರಡು ಹೊತ್ತು ವಾಕಿಂಗು. ನಮಗೆಲ್ಲಿ ಟೈಮು?" ಎಂದಳು ಊರ್ಮಿಳಾ.

"ಉಡ ತರೋಣ. ಗೂಡಲ್ಲೇ ಇರುತ್ತೆ, ಬೊಗಳಲ್ಲ, ಕೂದಲು ಉದುರಲ್ಲ," ಎಂದ ವಿಕಾಸ್.

ಒಂದೂವರೆ ವರ್ಷದ ಹಿಂದಿನ ಮಾತು ಇದು. ಯಾವುದೋ ಪಾರ್ಕಿಂಗ್ ಜಾಗದಲ್ಲಿ ಒಬ್ಬ ಮನುಷ್ಯ ಕಾರಿನ ಡಿಕ್ಕಿ ತೆರೆದು ನಿಂತಿದ್ದ. ಒಳಗೆ ಒಂದೇ ಡಬ್ಬಿ, ಡಬ್ಬಿಯಲ್ಲಿ ಗೇಣುದ್ದದ ಎರಡು ಮರಿ. ಮುಚ್ಚಳದ ಮೇಲೆ ಇಂಗ್ಲಿಷಿನಲ್ಲಿ 'ಬ್ಲ್ಯಾಕ್ ಥ್ರೋಟ್ ಮಾನಿಟರ್' ಎಂದು ಬರೆದಿತ್ತು. ಅಂದರೆ ಕಪ್ಪು ಗಂಟಲಿನ ಉಡ. ಆರಡಿ ಬೆಳೆಯುತ್ತದೆ, ದೊಡ್ಡದಾದ ಮೇಲೆ ನಾಯಿಯ ಹಾಗೆ ಹಿಂದೆ ಹಿಂದೆ ಬರುತ್ತದೆ ಎಂದ ಆ ಮನುಷ್ಯ. ವಿಕಾಸ್ ನಂಬಿದ. ಮುಚ್ಚಳದ ಮೇಲಿದ್ದದ್ದನ್ನು ಓದಿದ, ಮರಿಯನ್ನು ನೋಡಲಿಲ್ಲ.

ವಿಕಾಸನ ಹಿಂದೆ ಇನ್ನೊಬ್ಬ ಯಜಮಾನರು ಕಾಯುತ್ತಿದ್ದರು. ಫೋನಿನಲ್ಲಿ ಪಿಸುಗುಡುತ್ತಿದ್ದರು, ಅಚ್ಚ ಕನ್ನಡದಲ್ಲಿ: "ಮನೇಲಿ ಹೇಳ್ಬಿಟ್ಟೀಯ ಮತ್ತೆ! ಅಕ್ವೇರಿಯಂ ತರ್ತೀನಿ ಅಂತ ಹೇಳಿ ಬಂದಿದ್ದೀನಿ."

ಇದೇ ಇಬ್ಬರು ಎಲ್ ಕಮೀನೋ ರಸ್ತೆಯ ಅಂಗಡಿಯಲ್ಲಿ ಬೇಳೆ ಆರಿಸುವಾಗ ಸಿಕ್ಕಿದ್ದರೆ, ಯಾವೂರು, ಯಾವ ಬೀದಿ ಎಂದು ಕೇಳಿ ಅರ್ಧ ಗಂಟೆಯಲ್ಲಿ ನೆಂಟರೇ ಆಗಿಬಿಡುತ್ತಿದ್ದರು. ಉಡದ ಡಬ್ಬಿ ಹಿಡಿದು ನಿಂತಾಗ ಯಾರಿಗೆ ತಾನೇ ಪರಿಚಯ ಬೇಕು? ಸುದ್ದಿ ಕನ್ನಡ ಕೂಟದ ವಾಟ್ಸ್ಯಾಪಿಗೆ ಹೋದರೆ? ವಿಕಾಸ್ ಕನ್ನಡವೇ ಬಾರದವನಂತೆ ಆಕಾಶ ನೋಡಿದ. ಅವರು ನೆಲ ನೋಡಿದರು. ಒಂದು ಮರಿ ಇವನಿಗೆ, ಇನ್ನೊಂದು ಅವರಿಗೆ. ಹೆಸರಿಲ್ಲ, ನಂಬರಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ.

ವಿಕಾಸ್ ಆರಡಿಯ ಪ್ರಾಣಿಗೆ ಆಗುವಂಥ ದೊಡ್ಡ ಗಾಜಿನ ಗೂಡು ಕಟ್ಟಿಸಿದ. ಮೇಲೆ ದೀಪ, ಒಳಗೆ ಹಲಗೆ, ಕೆಳಗೆ ಸ್ವಚ್ಛವಾಗಿರಲಿ ಎಂದು ಕಾರ್ಪೆಟ್ಟು. ಮಣ್ಣಿನ ಒಂದು ಕಣವೂ ಇಲ್ಲ. ಊಟಕ್ಕೆ ಅಂಗಡಿಯ ಫ್ರೀಜರಿನ ಇಲಿ. ವರ್ಷ ಕಳೆಯಿತು. ಮರಿ ಹತ್ತಿರ ಹತ್ತಿರ ಮೂರಡಿ ಆಯಿತು.

ಆಗ ಬಂದರು ಊರ್ಮಿಳಾಳ ಅವ್ವ ಸಣ್ಣತಾಯಮ್ಮ, ಮಳವಳ್ಳಿ ಕಡೆಯಿಂದ, ಆರು ತಿಂಗಳಿಗೆಂದು. ಸೂಟ್‌ಕೇಸು ಇಳಿಸುವ ಮೊದಲೇ ಗೂಡಿನ ಮುಂದೆ ನಿಂತರು.

"ಅಯ್ಯೋ ಸಿವನೇ! ಉಡ ಕನವ್ವ ಇದು! ನಮ್ಮೂರಲ್ಲಿ ಇದ್ನ ಮುಟ್ಟುದ್ರೆ ಫಾರೆಸ್ಟ್ನೋರು ಎಳ್ಕೊಂಡೋಯ್ತಾರೆ. ನೀವು ನೋಡುದ್ರೆ ಮನೆ ಕಟ್ಸಿ, ದೀಪ ಆಕಿ ಕೂರ್ಸಿದ್ದೀರಲ್ಲ!"

"ಅತ್ತೆ, ಇದು ಆಫ್ರಿಕಾದ್ದು. ಬ್ಲ್ಯಾಕ್ ಥ್ರೋಟು. ಆರಡಿ ಬೆಳೆಯುತ್ತೆ," ಎಂದ ವಿಕಾಸ್.

"ಉಡ ಅಂದ್ರೆ ಉಡ. ಅದ್ರಲ್ಲೇನು ಆಫ್ರಿಕಾ, ಅಮೇರಿಕಾ? ನಮ್ಮೊಲದ ಬದೀಲಿ ಎಷ್ಟ್ ಕಂಡಿದ್ದೀನಿ."

ಅಜ್ಜಿಯೇ ಅದಕ್ಕೆ ಕರಿಯ ಎಂದು ಹೆಸರಿಟ್ಟರು. ಹಗಲಿಡೀ ಆ ಮನೆಯಲ್ಲಿ ಇದ್ದದ್ದು ಅವರಿಬ್ಬರೇ. ಟಿವಿಯ ಇಂಗ್ಲಿಷ್ ಅಜ್ಜಿಗೆ ತಿಳಿಯದು. ಅಕ್ಕಪಕ್ಕದವರ ಮಾತೂ ತಿಳಿಯದು. ಕರಿಯನ ಹತ್ತಿರ ಮಾತ್ರ ಮಾತಿನ ತೊಂದರೆ ಇರಲಿಲ್ಲ. ಗೂಡಿನ ಪಕ್ಕ ಕುರ್ಚಿ ಹಾಕಿಕೊಂಡು ಊರಿನ ವಿಚಾರವೆಲ್ಲ ಅದಕ್ಕೆ ಹೇಳುತ್ತಿದ್ದರು. ಅದು ನಾಲಗೆ ಚಾಚಿದರೆ, "ಊಂ, ಅಂಗೇ ಕನಪ್ಪ," ಎನ್ನುತ್ತಿದ್ದರು.

ಅಡುಗೆಮನೆಯ ಬಾಗಿಲ ಚೌಕಟ್ಟಿನಲ್ಲಿ ಮಾನ್ಯಾಳ ಎತ್ತರವನ್ನು ಪ್ರತಿ ಹುಟ್ಟುಹಬ್ಬಕ್ಕೂ ಪೆನ್ಸಿಲಿನಿಂದ ಗುರುತು ಮಾಡಿದ್ದರು. ಅಜ್ಜಿ ಅದರ ಪಕ್ಕದಲ್ಲೇ ಕರಿಯನದ್ದೂ ಶುರು ಮಾಡಿದರು, ಕುಂಕುಮದಲ್ಲಿ. ಉದ್ದವನ್ನು ದಾರದಲ್ಲಿ ಅಳೆದು, ಆ ದಾರವನ್ನು ಚೌಕಟ್ಟಿಗೆ ಹಿಡಿದು ಬೊಟ್ಟು ಇಡುವುದು. ಆರಡಿ ಎಲ್ಲಿಗೆ ಬರುತ್ತದೋ ಅಲ್ಲಿ ಮಾನ್ಯಾ ಒಂದು ನಕ್ಷತ್ರ ಬರೆದಳು.

ಮೊದಲ ತಿಂಗಳ ಬೊಟ್ಟು ಮೂರಡಿಗೆ ಸ್ವಲ್ಪ ಕೆಳಗೆ. ಎರಡನೇ ತಿಂಗಳದ್ದು ಅದರ ಮೇಲೆಯೇ. ಮೂರನೇ ತಿಂಗಳದ್ದೂ ಅಲ್ಲೇ. ಒಂದರ ಮೇಲೊಂದು ಇಟ್ಟು ಇಟ್ಟು ಅಲ್ಲಿ ಕುಂಕುಮ ದಪ್ಪಗಾಯಿತು. ನಕ್ಷತ್ರ ಮೇಲೆ ಒಂಟಿಯಾಗಿ ಉಳಿಯಿತು.

"ಸೊರಗೋಗದೆ ಕನವ್ವ," ಎಂದು ಅಜ್ಜಿ ಮಗಳನ್ನು ಬೈದರು. "ಇಬ್ರೂ ಆಪೀಸ್ಗೋಯ್ತೀರ, ಕೂಸು ಇಸ್ಕೂಲ್ಗೋಯ್ತದೆ. ಮೂಗ್‌ಪ್ರಾಣಿ, ಇನ್ನೊಸಿ ಇಕ್ಕು ಅಂತ ಬಾಯ್ಬುಟ್ಟು ಕೇಳ್ತದಾ?"

ಅವತ್ತಿನಿಂದ ಕರಿಯನ ಊಟ ಅಜ್ಜಿಯ ಕೈಗೆ ಹೋಯಿತು. ಬೆಳಿಗ್ಗೆ ಎರಡು ಬೇಯಿಸಿದ ಮೊಟ್ಟೆ. ಮಧ್ಯಾಹ್ನ ಕುರಿಯ ಈಲಿ, ಅದೇ ಲಿವರು, ಸಣ್ಣಗೆ ಹೆಚ್ಚಿದ್ದು. ಸಂಜೆ ಇಲಿ. ಕರಿಯ ಕೊಟ್ಟದ್ದನ್ನೆಲ್ಲ ತಿಂದ. ಉಡಕ್ಕೆ ಬೇಡ ಎನ್ನಲು ಬರುವುದಿಲ್ಲ.

"ಅಜ್ಜಿ, ಹೀ ಈಸ್ ನಾಟ್ ಹಂಗ್ರಿ," ಎನ್ನುತ್ತಿದ್ದಳು ಮಾನ್ಯಾ.

"ಊಂ ಮಗ, ಇಕ್ತೀನಿ ಇಕ್ತೀನಿ," ಎಂದು ಅಜ್ಜಿ ಇನ್ನೊಂದು ಚೂರು ಹಾಕುತ್ತಿದ್ದರು.

ಅಷ್ಟಾದರೂ ಕುಂಕುಮದ ಬೊಟ್ಟು ಮೇಲೇರಲಿಲ್ಲ. ದೃಷ್ಟಿಯಾಗಿದೆ ಎಂದು ಅಜ್ಜಿ ತೀರ್ಮಾನ ಮಾಡಿದರು. ಪಕ್ಕದ ಮನೆಯವರು ಬಂದು ಅಷ್ಟು ಹೊತ್ತು ನೋಡಿಕೊಂಡು ಹೋಗಿದ್ದರಲ್ಲ! ಉಪ್ಪು, ಸಾಸಿವೆ, ಒಣಮೆಣಸಿನಕಾಯಿ ನಿವಾಳಿಸಿ ಒಲೆಯ ಮೇಲೆ ಹಾಕಿದರು. ಹೊಗೆಗೆ ಅಲಾರಂ ಬಡಿದುಕೊಂಡಿತು. ಬೇರೆ ಕಥೆಯಾಗಿದ್ದರೆ ಆ ಸದ್ದಿಗೆ ಸ್ಯಾನ್ ಫ್ರಾನ್ಸಿಸ್ಕೋದ ಸೇತುವೆ ಅಲ್ಲಾಡಿತು ಎನ್ನುತ್ತಿದ್ದೆ. ಈ ಕಥೆಯಲ್ಲಿ ಪಕ್ಕದ ಮನೆಯವರು ಹೊರಗೆ ಓಡಿ ಬಂದರು, ಅಷ್ಟೇ.

ಗುರುವಾರ ಗುರುವಾರ ನಾನು ಅವರಿಗೆ ರೊಟ್ಟಿ ಕೊಡಲು ಹೋಗುತ್ತೇನೆ. ಐದನೇ ತಿಂಗಳು ನಡೆಯುತ್ತಿತ್ತು. ಗೂಡಿನೊಳಗೆ ಇಣುಕಿದೆ. ಕರಿಯ ದೀಪದ ಕೆಳಗೆ ಬಿದ್ದುಕೊಂಡಿದ್ದ. ಹೊಟ್ಟೆ ಎರಡು ಕಡೆಗೂ ಚೆಲ್ಲಿತ್ತು. ಕಾಲು ನೆಲಕ್ಕೆ ಸರಿಯಾಗಿ ಊರುತ್ತಿರಲಿಲ್ಲ.

"ಯವ್ವಾ, ಇದು ಉಡ ಏನ್ರೀ, ಜ್ವಾಳದ ಚೀಲ ಏನ್ರೀ?" ಎಂದೆ.

"ಬಾಯ್ಮುಚ್ಚಪ್ಪ, ನೀನೂ ಕಣ್ಣಾಕ್ಬ್ಯಾಡ," ಎಂದು ಅಜ್ಜಿ ಗೂಡಿಗೆ ಅಡ್ಡ ನಿಂತರು. ಆಮೇಲೆ ದನಿ ತಗ್ಗಿಸಿದರು. "ಮೂರ್‌ದಿನದಿಂದ ಏಳ್ತಾನೇ ಇಲ್ಲ ಕನಪ್ಪ. ನಾ ಊರ್ಗೋಗಾಕೆ ಮುಂಚೆ ಒಂದ್ ನಾಕಡಿನಾರ ಮಾಡ್ತೀನಿ ಅಂತ ಕೂಸ್ಗೆ ಮಾತ್ ಕೊಟ್ಟಿದ್ದೆ."

ನನಗೆ ಸರೋಜಿನಿಯಮ್ಮನ ನೆನಪಾಯಿತು. ಮಂಗಳೂರಿನವರು, ಶನಿವಾರದ ಗಿರಾಕಿ. ಹಾವು, ಆಮೆ, ಉಡಗಳಿಗೆ ಔಷಧ ಮಾಡುವ ಆಸ್ಪತ್ರೆಯಲ್ಲಿ ಡಾಕ್ಟರಿಗೆ ಸಹಾಯಕ್ಕಿದ್ದಾರೆ. ಜನ ಸಾಕಲಾರದೆ ಬಿಟ್ಟ ಉಡಗಳನ್ನು ಮನೆಯಲ್ಲಿಟ್ಟು ನೋಡಿಕೊಳ್ಳುತ್ತಾರೆ. ಆ ಶನಿವಾರವೇ ಅವರನ್ನು ವ್ಯಾನಿನಲ್ಲಿ ಕೂರಿಸಿಕೊಂಡು ಗಿಲ್‌ರಾಯ್‌ಗೆ ಬಂದೆ. ಮನೆಯವರೆಲ್ಲ ಇದ್ದರು.

ಸರೋಜಿನಿಯಮ್ಮ ಕರಿಯನನ್ನು ಮೆಲ್ಲಗೆ ಎತ್ತಿ ಟವೆಲಿನ ಮೇಲೆ ಇಟ್ಟರು. ಬಾಲದ ಬುಡ ಒತ್ತಿ ನೋಡಿದರು. ಹೊಟ್ಟೆ ಸವರಿದರು.

"ಇದನ್ನು ಯಾವ ಜಾತಿ ಅಂತ ಸಾಕ್ತಾ ಇದ್ದೀರಿ?" ಎಂದು ಕೇಳಿದರು.

"ಬ್ಲ್ಯಾಕ್ ಥ್ರೋಟು. ಬೆಳೀತಿಲ್ಲ ಮೇಡಂ, ಅದೇ ಪ್ರಾಬ್ಲಮ್ಮು," ಎಂದ ವಿಕಾಸ್.

"ಬ್ಲ್ಯಾಕ್ ಥ್ರೋಟ್ ಅಲ್ಲ ಮಾರಾಯ್ರೆ ಇದು. ಸವಾನಾ ಮಾನಿಟರ್. ಇದು ಇರುವುದೇ ಇಷ್ಟು, ಮೂರಡಿ. ಹೆಚ್ಚಂದ್ರೆ ಮೂರೂವರೆ."

"ಇಲ್ಲ ಮೇಡಂ, ಡಬ್ಬಿ ಮೇಲೆ ಕ್ಲಿಯರಾಗಿ ಬರೆದಿತ್ತು."

"ಡಬ್ಬಿ ಮೇಲೆ ನಾನು ಮೊಸಳೆ ಅಂತ ಸಹ ಬರೀಬಹುದು. ಸವಾನಾ ಮರಿ ಸುಲಭಕ್ಕೆ ಸಿಗ್ತದೆ, ಬ್ಲ್ಯಾಕ್ ಥ್ರೋಟಿಗೆ ಗಿರಾಕಿ ಜಾಸ್ತಿ. ಮರಿಯಾಗಿದ್ದಾಗ ಎರಡೂ ಒಂದೇ ಹಾಗೆ ಕಾಣ್ತದೆ. ಮಾರುವವನಿಗೇ ಗೊತ್ತಿತ್ತೋ ಇಲ್ವೋ."

ಸಣ್ಣತಾಯಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿದರು. "ಅಲ್ಲ ಕನವ್ವ, ಉಡದ್ ಇಚಾರ ನಂಗೇಳ್ತೀಯಾ? ಬಣ್ಣ ನೋಡು, ಬೂದಿ ಬಣ್ಣ. ಗಂಟ್ಲು ಒಸಿ ಕಪ್ಪಗೇ ಅದೆ."

"ಅಮ್ಮ, ಬಣ್ಣ ನಂಬ್ಲಿಕ್ಕೆ ಆಗುದಿಲ್ಲ. ಪೊರೆ ಬಿಡುವಾಗ ಒಂದು ಬಣ್ಣ, ಬಿಸಿಲಲ್ಲಿ ಇನ್ನೊಂದು. ಕುತ್ತಿಗೆ ನೋಡಿ." ಸರೋಜಿನಿಯಮ್ಮ ಮಾನ್ಯಾಳನ್ನು ಹತ್ತಿರ ಕರೆದರು. "ಬಾ ಪುಟ್ಟ, ಇಲ್ಲಿ ತಲೆಯ ಹಿಂದೆ ಬೆರಳಿಡು. ಹುರುಪೆ ಹೇಗುಂಟು?"

ಮಾನ್ಯಾ ಬೆರಳಾಡಿಸಿದಳು. "ಬಿಗ್. ಬಂಪಿ. ಐ ಕೆನ್ ಕೌಂಟ್ ದೆಮ್."

ನಾನೂ ಬಗ್ಗಿ ನೋಡಿದೆ. ಜೋಳದ ಕಾಳುಗಳನ್ನು ಒತ್ತೊತ್ತಾಗಿ ಅಂಟಿಸಿದಂತೆ ಇತ್ತು. ಒಂದೊಂದನ್ನೂ ಎಣಿಸಬಹುದಿತ್ತು. ಸರೋಜಿನಿಯಮ್ಮ ಫೋನಿನಲ್ಲಿ ತಾವು ಸಾಕಿದ ಬ್ಲ್ಯಾಕ್ ಥ್ರೋಟಿನ ಚಿತ್ರ ತೋರಿಸಿದರು. ಅದರ ಕುತ್ತಿಗೆಯ ಹುರುಪೆ ಸಣ್ಣವು, ಸಾಸಿವೆ ಚೆಲ್ಲಿದ ಹಾಗೆ.

"ಈಗ ಮೂತಿ ನೋಡಿ. ಬ್ಲ್ಯಾಕ್ ಥ್ರೋಟಿನ ಮೂತಿ ಮೂಗಿನ ಹತ್ತಿರ ಗುಂಡಗೆ ಉಬ್ಬಿರ್ತದೆ, ಯಾರೋ ಗುದ್ದಿ ಊದಿಕೊಂಡ ಹಾಗೆ. ನಿಮ್ಮದಕ್ಕೆ ಉಬ್ಬು ಎಲ್ಲುಂಟು? ಮೋಟು ತಲೆ, ಮೂತಿ ಜಾರಿಕೊಂಡು ಬಂದಿದೆ. ಮತ್ತೆ ಕಣ್ಣು. ಅದಕ್ಕೆ ಕಣ್ಣಿನಿಂದ ಹೆಗಲವರೆಗೆ ದಪ್ಪ ಕಪ್ಪು ಪಟ್ಟಿ, ಕಾಡಿಗೆ ಎಳೆದ ಹಾಗೆ. ಇದಕ್ಕೆ ಇಲ್ಲ. ಇದ್ದರೂ ಮಾಸಿ ಹೋದ ಹಾಗೆ."

ವಿಕಾಸ್ ಫೋನನ್ನು ಕರಿಯನ ಪಕ್ಕದಲ್ಲಿ ಹಿಡಿದ. ಒಮ್ಮೆ ಅದನ್ನು ನೋಡಿದ, ಒಮ್ಮೆ ಇದನ್ನು ನೋಡಿದ. ಆಮೇಲೆ ಫೋನು ವಾಪಸು ಕೊಟ್ಟ.

"ಜಾತಿ ಯಾವ್ದಾದ್ರೇನು?" ಸಣ್ಣತಾಯಮ್ಮ ಇನ್ನೂ ಬಿಡಲಿಲ್ಲ. "ಒಟ್ಟೆ ತುಂಬ ಇಕ್ಕುದ್ರೆ ಯಾವ್ ಜೀವ ತಾನೆ ಕೆಡ್ತದೆ?"

"ಅಲ್ಲೇ ತಪ್ಪಿದ್ದು ಅಮ್ಮ. ಬ್ಲ್ಯಾಕ್ ಥ್ರೋಟಿಗೂ ಇಷ್ಟು ಕೊಡ್ಲಿಕ್ಕಿಲ್ಲ. ಆದರೆ ಅದು ದೊಡ್ಡ ಮೈ, ಇಲಿ ಮೊಟ್ಟೆ ಅರಗಿಸ್ಕೊಳ್ತದೆ. ಸವಾನಾ ಹುಳ ತಿನ್ನುವ ಜಾತಿ. ಜಿರಳೆ, ಮಿಡತೆ, ಬಸವನ ಹುಳ. ಎರಡಡಿ ಮಣ್ಣು ತೋಡಿ ಬಿಲದಲ್ಲಿ ಇರುವಂಥದ್ದು. ಇದು ಬೆಳೆದು ಮುಗಿದು ಆರು ತಿಂಗಳಾಗಿದೆ. ನೀವು ದೊಡ್ಡವನನ್ನು ಕೂರಿಸ್ಕೊಂಡು ಇನ್ನೂ ಬೆಳಿ, ಇನ್ನೂ ಬೆಳಿ ಅಂತ ತಿನ್ನಿಸಿದ್ದೀರಿ. ತಿಂದದ್ದೆಲ್ಲ ಕೊಬ್ಬಾಗಿ ಒಳಗೆ ಕೂತಿದೆ."

ಸಣ್ಣತಾಯಮ್ಮ ತಿರುಗಿ ಬಾಗಿಲ ಚೌಕಟ್ಟು ನೋಡಿದರು. ದಪ್ಪಗಾಗಿದ್ದ ಕುಂಕುಮದ ಗುರುತು ನೋಡಿದರು.

"ಅಂಗಾದ್ರೆ ಸೊರಗಿರ್ನಿಲ್ವಾ ಅವ್ನು?" ಎಂದು ಮೆಲ್ಲಗೆ ಕೇಳಿದರು.

"ಇಲ್ಲ ಅಮ್ಮ."

ಸೋಮವಾರ ಊರ್ಮಿಳಾ ರಜೆ ಹಾಕಿ ಕರಿಯನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಲಿವರಿನ ತುಂಬ ಕೊಬ್ಬು ಕಟ್ಟಿದೆ ಎಂದರು ಡಾಕ್ಟರು. ಔಷಧ ಕೊಟ್ಟರು. ಊಟ ಬದಲಿಸಿ, ಮಣ್ಣು ಕೊಡಿ, ದೇಹವನ್ನು ಚೆನ್ನಾಗಿ ಕಾಯಿಸಿಕೊಳ್ಳುವಂಥ ಬಿಸಿ ಜಾಗ ಕೊಡಿ, ಆಮೇಲೆ ನೋಡೋಣ ಎಂದರು. ಬದುಕುತ್ತದೆ ಎಂದು ಮಾತು ಕೊಡಲಿಲ್ಲ.

"ಏನಂದ್ರು ಡಾಕ್ಟ್ರು?" ಎಂದು ಸಣ್ಣತಾಯಮ್ಮ ಬಾಗಿಲಲ್ಲೇ ಕೇಳಿದರು.

ಊರ್ಮಿಳಾ ಮರೆಮಾಚದೆ ಹೇಳಿದಳು.

"ಈಲಿ ಇಕ್ಕೀ ಇಕ್ಕೀ ಅವನ್ ಈಲೀನೇ ಕೆಡಿಸ್ಬುಟ್ಟೆ," ಎಂದು ಸಣ್ಣತಾಯಮ್ಮ ಅಲ್ಲೇ ಮೆಟ್ಟಿಲ ಮೇಲೆ ಕುಳಿತರು.

"ಅವ್ವ, ನೀನು ಬರೋಕ್ಕೆ ಮುಂಚೆ ಒಂದು ವರ್ಷ ನಾವೂ ಇಲೀನೇ ಹಾಕಿದ್ದು. ಎಲ್ಲಾ ನಿನ್ನ ಮೇಲೇ ಎಳ್ಕೋಬೇಡ."

ಮಾರನೆಯ ದಿನ ಅಜ್ಜಿ ಅಳುತ್ತ ಕೂರಲಿಲ್ಲ. ಗಿಲ್‌ರಾಯ್‌ನಲ್ಲಿ ರೈತರ ಸಾಮಾನಿನ ಅಂಗಡಿಯಿದೆ. ದನಗಳು ನೀರು ಕುಡಿಯುವ ದೊಡ್ಡ ತಗಡಿನ ತೊಟ್ಟಿಯೊಂದನ್ನು ವಿಕಾಸನ ಕೈಯಲ್ಲಿ ಅಲ್ಲಿಂದ ತರಿಸಿದರು. ಗ್ಯಾರೇಜಿನಲ್ಲಿ ಇಡಿಸಿದರು. ಮಣ್ಣು, ಮರಳು ತರಿಸಿ ತಾವೇ ಕಲಸಿದರು. ಒಟ್ಲು ಹಾಕುವ, ಅಂದರೆ ಪೈರಿನ ಸಸಿ ಎಬ್ಬಿಸುವ, ಮಡಿಗೆ ಮಣ್ಣು ಹದ ಮಾಡಿದ ಕೈ ಅದು. ಹಿಡಿಯಲ್ಲಿ ಹಿಂಡಿ ನೋಡಿ, ಉಂಡೆ ನಿಂತರೆ ಸರಿ, ಉದುರಿದರೆ ಇನ್ನೊಂದು ಚೊಂಬು ನೀರು. ಜಿರಳೆ ಕಂಡರೆ ಪೊರಕೆ ಎತ್ತುತ್ತಿದ್ದವರು, ಸರೋಜಿನಿಯಮ್ಮ ಕೊಟ್ಟ ಜಿರಳೆ ಡಬ್ಬಿಗೆ ದಿನವೂ ಕ್ಯಾರೆಟ್ ತುರಿದು ಹಾಕಿದರು.

"ಇವಕ್ಕೂ ನಾನೇ ಅಡ್ಗೆ ಮಾಡ್ಬೇಕಾಯ್ತು ನೋಡು," ಎಂದು ನನಗೆ ಹೇಳಿದರು. ನಗಲಿಲ್ಲ.

ಎರಡಡಿ ಮಣ್ಣು ತುಂಬಲು ಹತ್ತು ದಿನ ಹಿಡಿಯಿತು. ಮೇಲೆ ಬಿಸಿ ದೀಪ ಕಟ್ಟುವುದೊಂದು ಬಾಕಿ ಇತ್ತು. ವಿಕಾಸ್ ಶನಿವಾರ ಕಟ್ಟುತ್ತೇನೆ ಎಂದಿದ್ದ.

ಗುರುವಾರ ಮಧ್ಯಾಹ್ನ ರೊಟ್ಟಿ ಹಿಡಿದು ಹೋದೆ. ಬಾಗಿಲು ತೆರೆದೇ ಇತ್ತು. ಸಣ್ಣತಾಯಮ್ಮ ಗೂಡಿನ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದರು. ಗೂಡಿನ ದೀಪ ಆರಿಸಿದ್ದರು.

"ಬೆಳಿಗ್ಗೆ ನಾಲ್ಗೆ ಆಡ್ಸಿದ ಕನಪ್ಪ," ಎಂದರು. "ನಾ ಏನೋ ಏಳ್ತಾ ಇದ್ದೆ. ನಮ್ಮ ಎಮ್ಮೆ ಕಳ್ದೋಗಿದ್ ಕತೆ. ಮುಗ್ಸೋವಷ್ಟ್ರಲ್ಲಿ..."

ರೊಟ್ಟಿ ಮೇಜಿನ ಮೇಲಿಟ್ಟು ಅವರ ಪಕ್ಕದಲ್ಲಿ ನೆಲಕ್ಕೆ ಕುಳಿತೆ. ಊರ್ಮಿಳಾ ಬರುವವರೆಗೂ ಹಾಗೇ ಕುಳಿತಿದ್ದೆವು.

ಸಂಜೆ ಹಿತ್ತಲಲ್ಲಿ, ನಿಂಬೆಗಿಡದ ಪಕ್ಕದಲ್ಲಿ ವಿಕಾಸ್ ಗುಂಡಿ ತೋಡಿದ. ಎಷ್ಟು ಆಳ ಎಂದು ಕೇಳಿದ.

"ಎರಡಡಿ ತೋಡಪ್ಪ," ಎಂದರು ಸಣ್ಣತಾಯಮ್ಮ. "ಅವ್ನು ಕೇಳ್ತಿದ್ದದ್ದು ಅಷ್ಟೇಯ."

ಮಣ್ಣು ಮುಚ್ಚಿದ ಮೇಲೆ ಮಾನ್ಯಾ ಅಜ್ಜಿಯ ಸೆರಗು ಹಿಡಿದುಕೊಂಡು ನಿಂತಳು. ಆ ಮಗುವಿಗೆ ಕನ್ನಡ ತಿಳಿಯುತ್ತದೆ, ಬಾಯಿಗೆ ಬರುವುದಿಲ್ಲ. ಒಂದೊಂದೇ ಪದ ಹುಡುಕಿ ಹೇಳಿತು:

"ಅಜ್ಜಿ, ಅವನಿಗೆ ಹಸಿವು ಇಲ್ಲ ಅಂತ ನನಗೆ ಗೊತ್ತಿತ್ತು. ನಾನು ಹೇಳಿದೆ. ಡೈಲಿ ಹೇಳಿದೆ. ಆದರೆ ನಾನು... ಕನ್ನಡದಲ್ಲಿ ಹೇಳಲಿಲ್ಲ."

ಅಜ್ಜಿ ಅವಳ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡರು. "ನೀ ಏಳ್ದೆ ಕನ್ ಮಗ. ನಾನೇ ಏನಂದೆ ಅಂತ ಕೇಳ್ನಿಲ್ಲ."

ಗುದ್ದಲಿ ಹಿಡಿದು ನಿಂತಿದ್ದ ವಿಕಾಸ್ ಇದ್ದಕ್ಕಿದ್ದಂತೆ ಹೇಳಿದ: "ಡಬ್ಬೀಲಿ ಎರಡಿತ್ತು."

"ಏನು?" ಎಂದಳು ಊರ್ಮಿಳಾ.

"ಎರಡು ಮರಿ ಇತ್ತು. ಒಂದೇ ಡಬ್ಬಿ, ಒಂದೇ ಲೇಬಲ್ಲು. ಇನ್ನೊಂದನ್ನ ನನ್ನ ಹಿಂದೆ ನಿಂತಿದ್ದೋರು ತಗೊಂಡ್ರು. ಕನ್ನಡದೋರು. ಅವರೂ ಆರಡಿ ಆಗ್ಲಿ ಅಂತ ಕಾಯ್ತಿರ್ತಾರೆ."

"ಯಾರು? ಎಲ್ಲಿರೋರು?"

"ಗೊತ್ತಿಲ್ಲ. ಮಾತಾಡಿಸ್ಲಿಲ್ಲ."

"ಕನ್ನಡದೋರು ಅಂತ ಗೊತ್ತಾಗೂ ಮಾತಾಡಿಸ್ಲಿಲ್ವಾ?"

ವಿಕಾಸ್ ಗುದ್ದಲಿಗೆ ಅಂಟಿದ ಮಣ್ಣು ಕೆರೆದ. ಸಣ್ಣತಾಯಮ್ಮ ನನ್ನ ಕಡೆ ತಿರುಗಿದರು.

"ಬಸವಂತಪ್ಪ, ನೀನು ಅಷ್ಟ್ ಮನೆ ತಿರುಗ್ತೀಯಲ್ಲ. ಅದೂ ಯಾರ್ದೋ ಮನೇಲಿ ಈಲಿ ತಿಂತಾ ಕೂತದೆ. ನಾ ಊರ್ಗೋಗೋದ್ರೊಳ್ಗೆ ಉಡ್ಕು. ತೊಟ್ಟಿ ಅದೆ, ಮಣ್ಣದೆ. ಇಲ್ಲೇ ತರ್ಲಿ ಅನ್ನಾಕಿಲ್ಲ. ಅವ್ರ ಮನೇಲೇ ಇರ್ಲಿ. ಬದುಕ್ಲಿ."

ಶನಿವಾರ ವಿಕಾಸ್ ತೊಟ್ಟಿಯ ಮೇಲೆ ದೀಪವನ್ನೂ ಕಟ್ಟಿದ. ಈಗ ಅಜ್ಜಿ ದಿನವೂ ಆ ಖಾಲಿ ತೊಟ್ಟಿಯ ಮಣ್ಣಿಗೆ ನೀರು ಚಿಮುಕಿಸುತ್ತಾರೆ. ಒಣಗಬಾರದಂತೆ. ಬಾಗಿಲ ಚೌಕಟ್ಟಿನ ಕುಂಕುಮವನ್ನು ಯಾರೂ ಒರೆಸಿಲ್ಲ.

ಹಾಗಾಗಿ, ಕಾಗದ ಇಲ್ಲಿಯವರೆಗೆ ಓದಿದ ಅಕ್ಕ ಅಣ್ಣಂದಿರೇ, ನಿಮ್ಮ ಮನೆಯಲ್ಲಿ ಉಡ ಇದ್ದರೆ ಈಗಲೇ ಎದ್ದು ಹೋಗಿ. ಡಬ್ಬಿಯ ಮೇಲೆ ಏನು ಬರೆದಿತ್ತು ಎಂಬುದನ್ನು ಮರೆತುಬಿಡಿ. ಕುತ್ತಿಗೆಯ ಮೇಲೆ ಬೆರಳಿಡಿ. ಜೋಳದ ಕಾಳಿನ ಹಾಗೆ ಎಣಿಸುವಂತಿದ್ದು, ಮೂತಿಗೆ ಉಬ್ಬಿಲ್ಲದೆ, ಕಣ್ಣಿನ ಹಿಂದೆ ದಪ್ಪ ಕಪ್ಪು ಪಟ್ಟಿಯೂ ಇಲ್ಲದಿದ್ದರೆ ಅದು ಸವಾನಾ. ಮೂರಡಿಗೆ ನಿಂತರೆ ಅದಕ್ಕೆ ದೃಷ್ಟಿಯಾಗಿಲ್ಲ, ಅದು ಸೊರಗಿಲ್ಲ. ಅದಕ್ಕೆ ಹುಳ ಹಾಕಿ, ಮಣ್ಣು ಕೊಡಿ, ಮೊಟ್ಟೆ, ಈಲಿ ನಿಲ್ಲಿಸಿ. ಹುರುಪೆ ಸಾಸಿವೆಯಂತಿದ್ದು, ಮೂತಿ ಉಬ್ಬಿ, ಪಟ್ಟಿ ಎದ್ದು ಕಾಣುತ್ತಿದ್ದರೆ ಅದು ಕಪ್ಪು ಗಂಟಲಿನದೋ ಅದರ ದಾಯಾದಿ ಬಿಳಿ ಗಂಟಲಿನದೋ ಇರಬೇಕು. ಅದು ನಿಜವಾಗಿಯೂ ಒಬ್ಬ ಮನುಷ್ಯನಷ್ಟು ಉದ್ದ ಆಗುತ್ತದೆ, ಒಂದು ಕೋಣೆಯನ್ನೇ ಕೇಳುತ್ತದೆ. ಮರಿ ಕಪ್ಪಗೆ, ಹಳದಿ ಚುಕ್ಕೆಯೊಂದಿಗೆ ತೆಳ್ಳಗಿದ್ದರೆ ಮೂಗಿನ ತೂತು ನೋಡಿ. ತೂತು ಮೂತಿಯ ತುದಿಯಲ್ಲೇ ಇದ್ದರೆ ಅದು ನೀರಿನ ಉಡ, ವಾಟರ್ ಮಾನಿಟರ್. ತುದಿಯಿಂದ ಹಿಂದೆ, ಕಣ್ಣಿನ ಕಡೆಗೆ ಸರಿದಿದ್ದರೆ ನೈಲ್ ಉಡ. ನೈಲ್ ಉಡ ಪಳಗುವುದು ಕಷ್ಟ, ಮಕ್ಕಳಿರುವ ಮನೆಗೆ ಆಗದು. ತಿಳಿಯದಿದ್ದರೆ ತಿಳಿದವರನ್ನು ಕೇಳಿ, ನಾಚಿಕೆ ಬೇಡ. ಸಾಕಲು ಆಗದಿದ್ದರೆ ಬಯಲಿಗೆ ಬಿಟ್ಟು ಬರಬೇಡಿ, ಸರೋಜಿನಿಯಮ್ಮನಂಥವರಿಗೆ ಒಪ್ಪಿಸಿ. ಮನೆಯ ಮಗು ಏನಾದರೂ ಹೇಳುತ್ತಿದ್ದರೆ, ಯಾವ ಭಾಷೆಯಲ್ಲಾದರೂ ಸರಿ, ಏನೆಂದೆ ಎಂದು ಇನ್ನೊಮ್ಮೆ ಕೇಳಿ. ಈ ಗುರುತುಗಳನ್ನೆಲ್ಲ ಸರೋಜಿನಿಯಮ್ಮ ಓದಿ ತಿದ್ದಿಕೊಟ್ಟಿದ್ದಾರೆ. ನನ್ನ ಕೈಯಿಂದ ಒಂದು ಸಾಸಿವೆಯೂ ಸೇರಿಲ್ಲ.

ಇನ್ನು ಒಂದೂವರೆ ವರ್ಷದ ಹಿಂದೆ ಪಾರ್ಕಿಂಗ್ ಜಾಗದಲ್ಲಿ ನೆಲ ನೋಡುತ್ತ ನಿಂತಿದ್ದ ಅಣ್ಣನಿಗೆ ಒಂದು ಮಾತು. ಈ ರೊಟ್ಟಿ ನಿಮ್ಮ ಮನೆಗೂ ಬಂದಿರುತ್ತದೆ. ನಿಮ್ಮ ಹೆಸರು ಬೇಡ, ವಿಳಾಸ ಬೇಡ. ಗ್ಯಾರೇಜಿಗೆ ಹೋಗಿ ಅದರ ಕುತ್ತಿಗೆಯ ಒಂದು ಫೋಟೋ ತೆಗೆದು, ಈ ಕಾಗದದ ಹಿಂಬದಿಯಲ್ಲಿರುವ ಸರೋಜಿನಿಯಮ್ಮನ ನಂಬರಿಗೆ ಕಳಿಸಿ. ಅಜ್ಜಿ ವಿಮಾನ ಹತ್ತಲು ಮೂರು ವಾರ ಉಳಿದಿದೆ. ಒಂದು ವಾರ ಸುಮ್ಮನಿರುತ್ತೇನೆ. ಅಷ್ಟರೊಳಗೆ ಫೋಟೋ ಬಾರದಿದ್ದರೆ, ಬರುವ ಗುರುವಾರದಿಂದ ರೊಟ್ಟಿ ಕೊಡುವ ಪ್ರತಿ ಮನೆಯ ಬಾಗಿಲಲ್ಲೂ ನಿಂತು, ಯಜಮಾನರನ್ನಲ್ಲ, ಯಜಮಾನಿಯನ್ನೇ ಕರೆದು ಗಟ್ಟಿಯಾಗಿ ಕೇಳುತ್ತೇನೆ: "ಅಕ್ಕಾರ, ನಿಮ್ಮ ಅಕ್ವೇರಿಯಮ್ಮಿನ ಮೀನು ಈಗ ಎಷ್ಟು ಉದ್ದ ಆಗೇತ್ರೀ? ಸ್ವಲ್ಪ ತೋರಿಸ್ರಿ."